ಕೊನೆಯವರು ಯಾರು?

ಸ್ಪೇನಿನ ವಲೆನ್ಸಿಯಾಕ್ಕೆ ಬಂದ ಹೊಸದರಲ್ಲಿ ಒಂದು ಶನಿವಾರ ತರಕಾರಿ ತರೋಣ ಅಂತ ರುಸಾಫಾ ಮಾರ್ಕೆಟ್ಟಿಗೆ ಹೋದೆ. ಅಂಗಡಿ ಮುಂದೆ ಏಳೆಂಟು ಜನ ಇದ್ದರು. ಸಾಲು ಮಾತ್ರ ಇರಲಿಲ್ಲ. ಇಬ್ಬರು ಅಜ್ಜಂದಿರು ಕಂಬಕ್ಕೆ ಒರಗಿ ಫುಟ್‌ಬಾಲ್ ಮಾತಾಡುತ್ತಿದ್ದರು. ಒಬ್ಬಾಕೆ ಎದುರಿನ ಅಂಗಡಿಯಲ್ಲಿ ಚೀಸ್ ರುಚಿ ನೋಡುತ್ತಿದ್ದಳು. ಇನ್ನೊಬ್ಬಾಕೆ ಆ ಕಡೆ ತಿರುಗಿಕೊಂಡು ಯಾರದೋ ಮಗುವಿನ ಕೆನ್ನೆ ಹಿಂಡುತ್ತಿದ್ದಳು. ಸರಿ, ನಮ್ಮ ಮಂಡ್ಯದ ಸಂತೆಯ ಲೆಕ್ಕವೇ ಇಲ್ಲೂ, ಚೀಲ ಚಾಚಿದವರಿಗೆ ಮೊದಲು ಅಂದುಕೊಂಡು ಮುಂದೆ ಹೋಗಿ ಟೊಮೇಟೊ ಕೇಳಿದೆ.

ಎಲ್ಲರ ಮಾತೂ ಒಟ್ಟಿಗೇ ನಿಂತಿತು. ಚೀಸ್ ತಿನ್ನುತ್ತಿದ್ದವಳೂ ತಿರುಗಿ ನೋಡಿದಳು. ಅಂಗಡಿಯಾಕೆ ನಗುತ್ತಲೇ, ‘ರೇಯ್ನಾ, ನಿನ್ನ ಮುಂದೆ ಇಷ್ಟೂ ಜನ ಇದ್ದಾರೆ’ ಅಂದಳು. ರೇಯ್ನಾ ಅಂದರೆ ರಾಣಿ. ಇಲ್ಲಿಯ ಮಾರ್ಕೆಟ್ಟಿನಲ್ಲಿ ಬೈಯುವಾಗಲೂ ರಾಣಿ ಅಂತಲೇ ಬೈಯುತ್ತಾರೆ.

ಆಮೇಲೆ ಕಂಬಕ್ಕೆ ಒರಗಿದ್ದ ಅಜ್ಜನೊಬ್ಬರು ನನಗೆ ಪಾಠ ಮಾಡಿದರು. ಅಂಗಡಿ ಹತ್ತಿರ ಬಂದ ಕೂಡಲೇ ಗಾಳಿಗೆ ಹೇಳಿದ ಹಾಗೆ ಗಟ್ಟಿಯಾಗಿ ಕೇಳಬೇಕು: ‘ಕಿಯೆನ್ ಎಸ್ ಎಲ್ ಉಲ್ತಿಮೊ?’ ಕೊನೆಯವರು ಯಾರು? ಎಲ್ಲೋ ಒಂದು ಬೆರಳು ಮೇಲೇಳುತ್ತದೆ. ಅಷ್ಟೇ, ನಿಮ್ಮ ಜಾಗ ಖಾಯಂ. ಇನ್ನು ನೀವೇ ಕೊನೆಯವರು. ಮುಂದೆ ಯಾರಾದರೂ ಬಂದು ಅದೇ ಪ್ರಶ್ನೆ ಕೇಳಿದಾಗ ನೀವು ಬೆರಳೆತ್ತಿದರೆ ಆ ಪದವಿ ಅವರಿಗೆ ಹೋಗುತ್ತದೆ. ಈ ಮಧ್ಯೆ ಚೀಸ್ ತಿನ್ನಿ, ಮಗುವಿನ ಕೆನ್ನೆ ಹಿಂಡಿ, ಯಾರೂ ಕೇಳುವುದಿಲ್ಲ. ನೆನಪಿಡಬೇಕಾದ್ದು ಒಂದೇ ಮುಖ, ನಿಮ್ಮ ಮುಂದಿನವರದ್ದು. ಅವರಿಗೆ ಬೇಜಾರಾಗಿ ಹೊರಟರೆ, ‘ನಾನು ಹೊರಟೆ, ನೀನು ಇನ್ನು ಆ ಕೆಂಪು ಅಂಗಿಯವರ ಹಿಂದೆ’ ಅಂತ ಹೇಳಿ ಹೋಗುವುದು ಅವರ ಧರ್ಮ. ನನ್ನ ಗಂಡ ಸಾಫ್ಟ್‌ವೇರಿನವರು. ಇದನ್ನು ಕೇಳಿ, ‘ಇದು ಲಿಂಕ್ಡ್ ಲಿಸ್ಟ್ ಕಣೇ, ಒಬ್ಬೊಬ್ಬರಿಗೂ ಪಕ್ಕದವರ ಗುರುತಷ್ಟೇ ಸಾಕು’ ಅಂತ ಖುಷಿಪಟ್ಟರು. ಅಂತೂ ಅಲ್ಲಿ ಸಾಲು ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ.

ಈ ಸರದಿಗೆ ಇಲ್ಲಿ ‘ಲಾ ವೆಸ್’ ಅಂತಾರೆ. ಸರದಿ ಕೇಳುವುದು, ಸರದಿ ಕೊಡುವುದು ಅಂತ ಅದಕ್ಕೆ ಬೇರೆ ಬೇರೆ ಮಾತೇ ಇದೆ. ಇಲ್ಲಿಗೆ ಬಂದು 7 ವರ್ಷ ಆಯ್ತು. ಸ್ಪೇನಿನ ಸಾರ್ವಜನಿಕ ಜೀವನ ನನಗೆ ಅಷ್ಟಿಷ್ಟು ಅರ್ಥವಾಗಿದ್ದರೆ ಅದು ಈ ಒಂದು ಪ್ರಶ್ನೆಯಿಂದಲೇ. ಯಾರು ಅಧ್ಯಕ್ಷರಾಗಬೇಕು, ಯಾರು ಮತಗಟ್ಟೆಯಲ್ಲಿ ಕೂರಬೇಕು, ಪರೀಕ್ಷೆಗೆ ಯಾರನ್ನು ಮೊದಲು ಕರೆಯಬೇಕು, ಹೀಗೆ ಎಷ್ಟೋ ವಿಷಯಗಳನ್ನು ಇವರು ಸರದಿಗೋ ಚೀಟಿಗೋ ಬಿಟ್ಟಿದ್ದಾರೆ. ಗೊಣಗುತ್ತಾರೆ, ಆದರೆ ತಮ್ಮ ಸರದಿ ಬಂದಾಗ ಎದ್ದು ಹೋಗುತ್ತಾರೆ. ಜನರೇ ಕಟ್ಟಿಕೊಂಡ ಸರದಿ ಹೀಗೆ ನಡೆಯುತ್ತದೆ. ಸರ್ಕಾರ ಕಂಪ್ಯೂಟರಿನಲ್ಲಿ ಕಟ್ಟಿದ ಸರದಿಯ ಕಥೆಯೇ ಬೇರೆ.

ಅದರ ಹೆಸರು ‘ಸೀತಾ ಪ್ರೇವಿಯಾ’. ಮುಂಚಿತವಾಗಿ ಪಡೆದ ಅಪಾಯಿಂಟ್‌ಮೆಂಟ್ ಅಂತ ಅರ್ಥ. ಇಲ್ಲಿಯವರು ನಾಲಿಗೆ ಹಲ್ಲಿಗೆ ತಾಗಿಸಿ ‘ಥೀತಾ’ ಅಂತಾರೆ, ನಮ್ಮ ಬಾಯಲ್ಲಿ ಅದು ಸೀತೆಯೇ. ಹೆಸರಿಗೆ ತಕ್ಕ ಹಾಗೆ ಹೊರದೇಶದಿಂದ ಬಂದವರೆಲ್ಲ ಸೀತೆಯನ್ನು ಹುಡುಕುತ್ತಲೇ ಇರುತ್ತಾರೆ. ವಾಸದ ಕಾರ್ಡಿಗೆ ಬೆರಳಚ್ಚು ಕೊಡಲು ಒಂದು ಸೀತೆ, ತಯಾರಾದ ಕಾರ್ಡನ್ನು ತೆಗೆದುಕೊಳ್ಳಲು ಇನ್ನೊಂದು ಸೀತೆ. ಮನೆ ವಿಳಾಸವನ್ನು ನಗರಪಾಲಿಕೆಯ ಪುಸ್ತಕದಲ್ಲಿ ಬರೆಸಲು ಮತ್ತೊಂದು. ಆ ಪುಸ್ತಕಕ್ಕೆ ‘ಪಾದ್ರೋನ್’ ಅಂತಾರೆ. ಅದರಲ್ಲಿ ಹೆಸರಿಲ್ಲದಿದ್ದರೆ ಶಾಲೆ, ಆಸ್ಪತ್ರೆ ಯಾವುದೂ ಸಲೀಸಾಗಿ ನಡೆಯುವುದಿಲ್ಲ. ವೆಬ್‌ಸೈಟ್ ತೆರೆದರೆ ಒಂದು ಸಾಲು ಬರುತ್ತದೆ: ‘ಈ ಕ್ಷಣದಲ್ಲಿ ಅಪಾಯಿಂಟ್‌ಮೆಂಟ್ ಲಭ್ಯವಿಲ್ಲ’. ಆ ‘ಈ ಕ್ಷಣದಲ್ಲಿ’ ಅನ್ನುವುದೇ ಪ್ರಾಣ ತೆಗೆಯುವುದು. ಹಾಗಾದರೆ ಮುಂದಿನ ಕ್ಷಣದಲ್ಲಿ ಇರಬಹುದು, ಅಲ್ವಾ? ಹೀಗೆ ಅಂದುಕೊಂಡು ನಾನು ಮೂರು ವಾರ ಬೆಳಗಿನ ಕಾಫಿಯ ಜೊತೆ ಅದೇ ಪುಟವನ್ನು ಒತ್ತುತ್ತಿದ್ದೆ. ಸಿಕ್ಕಿದ್ದು ಒಂದು ಮಧ್ಯರಾತ್ರಿ. ಗಂಡನನ್ನು ಎಬ್ಬಿಸಿ ‘ಸೀತೆ ಸಿಕ್ಕಿದಳು’ ಅಂದೆ.

ಸಾಲು ಕಣ್ಣಿಗೆ ಕಾಣದಿದ್ದರೂ ನಡೆಯುತ್ತದೆ ಅಂದೆನಲ್ಲ, ಇಲ್ಲಿ ಯಾಕೆ ಕೆಡುತ್ತದೆ? ಮಾರ್ಕೆಟ್ಟಿನಲ್ಲಿ ನಿಮ್ಮ ಮುಂದಿನವರ ಮುಖ ನಿಮಗೆ ಗೊತ್ತು, ನಡುವೆ ನುಗ್ಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ವೆಬ್‌ಸೈಟಿನಲ್ಲಿ ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ದಲ್ಲಾಳಿಗಳು ಪ್ರೋಗ್ರಾಂ ಬರೆದು ಜಾಗಗಳನ್ನು ಬಾಚಿಕೊಂಡು ಮಾರುತ್ತಾರೆ. ಪೊಲೀಸರು ಅಂಥ ಜಾಲಗಳನ್ನು ಹಿಡಿದಿದ್ದೂ ಇದೆ. ಪುಕ್ಕಟೆ ಸಿಗಬೇಕಾದ ಸರದಿಗೆ ದುಡ್ಡು ಕೊಡುವ ಮಾರುಕಟ್ಟೆ ಹುಟ್ಟಿಕೊಂಡಿದೆ.

ಕಚೇರಿಯ ನಿಧಾನದ ಬಗ್ಗೆ ಗೊಣಗುವವರಲ್ಲಿ ಹೊರಗಿನವರೇ ಮೊದಲಿಗರೇನಲ್ಲ. ಮರಿಯಾನೊ ಹೋಸೆ ದೆ ಲಾರ್ರಾ ಅನ್ನುವ ಮಾಡ್ರಿಡ್‌ನ ಪತ್ರಕರ್ತ 1833ರಲ್ಲೇ ಇದರ ಮೇಲೆ ಒಂದು ನಗೆಬರಹ ಬರೆದ. ಹದಿನೈದು ದಿನದಲ್ಲಿ ಕೆಲಸ ಮುಗಿಸುತ್ತೇನೆ ಅಂತ ಬಂದ ಫ್ರೆಂಚ್ ಮನುಷ್ಯನಿಗೆ ಆರು ತಿಂಗಳಾದರೂ ಎಲ್ಲೆಡೆ ಒಂದೇ ಉತ್ತರ: ನಾಳೆ ಬನ್ನಿ. ಇವತ್ತಿಗೂ ಯಾವುದಾದರೂ ಕಾಗದ ಸಿಕ್ಕಿಹಾಕಿಕೊಂಡರೆ ಸ್ಪೇನಿನವರು ಆ ಮಾತನ್ನೇ ಆಡಿಕೊಳ್ಳುತ್ತಾರೆ. ನಮ್ಮ ಕಡೆ ಹಿಂದೊಮ್ಮೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಲ್ಲ, ಅದೇ ಉಪಾಯ. ಇಲ್ಲಿ ದೆವ್ವ ನಾವು.

ಕೊನೆಗೂ ಸೀತೆ ಸಿಕ್ಕು ಕಚೇರಿಗೆ ಹೋದ ದಿನ ಇನ್ನೊಂದು ಪಾಠ ಆಯ್ತು. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರು, ಒಂದು ಅಪ್ಪನದು, ಒಂದು ಅಮ್ಮನದು. ಮದುವೆಯಾದರೂ ಹೆಂಗಸರು ಹೆಸರು ಬದಲಿಸುವುದಿಲ್ಲ. ಅಪ್ಪನ ಹೆಸರೇ ಮೊದಲು ಬರಬೇಕು ಅನ್ನುವ ಕಟ್ಟೂ 2017ರಿಂದ ಇಲ್ಲ, ಅಪ್ಪ ಅಮ್ಮ ಸೇರಿ ತೀರ್ಮಾನ ಮಾಡಬೇಕು. ನಮ್ಮ ಮನೆಯ ಲೆಕ್ಕ ಕೇಳಿ. ಗಂಡನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಮಾವನವರ ಹೆಸರಿದೆ, ಜವರಪ್ಪ ಅಂತ. ಮದುವೆಯಾದ ಮೇಲೆ ನನ್ನ ಪಾಸ್‌ಪೋರ್ಟಿಗೂ ಅದೇ ಬಂತು. ಕೌಂಟರಿನಾಕೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ‘ಇವರು ನಿನ್ನ ಅಣ್ಣನಾ?’ ಅಂದಳು. ಅವಳ ಪ್ರಕಾರ ಒಂದೇ ಅಡ್ಡಹೆಸರಿನವರು ಗಂಡಹೆಂಡಿರಾಗುವುದು ಹೇಗೆ? ಮದುವೆ ಸರ್ಟಿಫಿಕೇಟಿಗೆ ಹೊರದೇಶದಲ್ಲೂ ಅಸಲಿ ಅಂತ ಒಪ್ಪಿಸುವ ಅಪೊಸ್ಟೀಲ್ ಮುದ್ರೆ, ಅದಕ್ಕೆ ಸ್ಪ್ಯಾನಿಷ್ ಅನುವಾದ, ಎಲ್ಲ ತೋರಿಸಿದ ಮೇಲೆ ನಾವು ಮತ್ತೆ ಗಂಡಹೆಂಡಿರಾದೆವು.

ಮಗಳನ್ನು ಶಾಲೆಗೆ ಸೇರಿಸುವಾಗ ಫಾರಂ ಎರಡನೇ ಅಡ್ಡಹೆಸರು ಇಲ್ಲದೆ ಮುಂದಕ್ಕೆ ಹೋಗಲಿಲ್ಲ. ‘ಅಪ್ಪನದು ಜವರಪ್ಪ, ಅಮ್ಮನದೂ ಜವರಪ್ಪ, ಹಾಗಾದರೆ ಜವರಪ್ಪ ಜವರಪ್ಪ’ ಅಂತ ಅವರೇ ತೀರ್ಮಾನ ಮಾಡಿದರು. ಇವರ ನಾಲಿಗೆಯಲ್ಲಿ ಜಕಾರ ಹಕಾರದ ಹಾಗೆ, ವಕಾರ ಬಕಾರದ ಹಾಗೆ. ಹೀಗಾಗಿ ಸಾಲಿನಲ್ಲಿ ಕರೆಯುವುದು ‘ಹಬರಾಪಾ ಹಬರಾಪಾ’ ಅಂತ. ಮಾವನವರು ಬೆಂಗಳೂರನ್ನೇ ನಾಲ್ಕೈದು ಸಲ ನೋಡಿದವರು. ಈಗವರು ಇಲ್ಲ. ಅವರ ಹೆಸರನ್ನು ಈ ಊರಿನಲ್ಲಿ ಯಾರೋ ಕೂಗಿದಾಗಲೆಲ್ಲ ನಾನು ಚೀಲ ಎತ್ತಿಕೊಂಡು ಏಳುತ್ತೇನೆ.

ಈ ಅಡ್ಡಹೆಸರಿಗೂ ಚೀಟಿ ಎತ್ತುವುದುಂಟು. ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಅಭ್ಯರ್ಥಿಗಳನ್ನು ಯಾವ ಕ್ರಮದಲ್ಲಿ ಕರೆಯಬೇಕು ಅಂತ ಪ್ರತಿ ವರ್ಷ ಒಂದು ಅಕ್ಷರ ಎತ್ತುತ್ತಾರೆ. ಆ ಅಕ್ಷರದ ಅಡ್ಡಹೆಸರಿನವರಿಂದ ಶುರು. ಯಾವಾಗಲೂ ಮೊದಲ ಅಕ್ಷರದವರೇ ಮೊದಲು ಹೋಗಿ ಬಲಿಯಾಗುವುದು ಬೇಡ ಅಂತ. ಹಾಜರಿ ಪುಸ್ತಕದಲ್ಲಿ ಕೊನೆಗೆ ಬರುತ್ತಿದ್ದ ನನ್ನಂಥ ‘ವಿ’ ಅಕ್ಷರದವಳಿಗೆ ಈ ಏರ್ಪಾಟು ಬಹಳ ಹಿಡಿಸಿತು.

ಕಚೇರಿಗೆ ಯಾವ ಹೊತ್ತಿಗೆ ಹೋಗಬಾರದು ಅನ್ನುವುದನ್ನೂ ಕಲಿತೆ. ಹತ್ತೂವರೆಗೆ ಹೋಗಬಾರದು. ವಲೆನ್ಸಿಯಾದಲ್ಲಿ ಅದು ‘ಎಸ್ಮೊರ್ಸಾರ್’ ಹೊತ್ತು. ತಿಂಡಿಗೂ ಊಟಕ್ಕೂ ನಡುವಿನ ಈ ತಿನಿಸಿಗೆ ಮೊಳದುದ್ದದ ಬ್ರೆಡ್ಡಿನೊಳಗೆ ಆಮ್ಲೆಟ್ಟೋ ಮಾಂಸವೋ ತುಂಬಿರುತ್ತಾರೆ. ಜೊತೆಗೆ ಸಿಪ್ಪೆ ಸಮೇತ ಕಡಲೇಕಾಯಿ, ಆಲಿವ್, ಒಂದು ಬಿಯರ್ರು. ಕೊನೆಗೆ ರಮ್‌ಗೆ ಬೆಂಕಿ ಹಚ್ಚಿ ಮಾಡಿದ ‘ಕ್ರೆಮಾಯೆತ್’ ಕಾಫಿ. ಕಡಲೇಕಾಯಿ ಸಿಪ್ಪೆ ಬಿಡಿಸುತ್ತಾ ಹರಟೆ ಹೊಡೆಯುವುದನ್ನು ನೋಡಿದರೆ ಯಾರಿಗೆ ಬೈಯಲು ಮನಸ್ಸು ಬರುತ್ತದೆ? ನಾನು ನೋಡಿದಂತೆ ಇಲ್ಲಿಯ ಪ್ಲಂಬರು, ವಕೀಲರು, ಗುಮಾಸ್ತರು ಎಲ್ಲರೂ ಒಂದೇ ಮೇಜಿನಲ್ಲಿ ಕೂರುವುದು ಈ ಒಂದು ಹೊತ್ತಿನಲ್ಲೇ.

ಸ್ಪೇನಿನವರ ಗಡಿಯಾರದ ಬಗ್ಗೆ ಹೊರಗಿನವರಿಗೆ ಬಹಳ ನಗು. ಎರಡೂವರೆಗೆ ಊಟ, ರಾತ್ರಿ ಒಂಬತ್ತೂವರೆಗೆ ಊಟ, ಟೀವಿಯ ಮುಖ್ಯ ಕಾರ್ಯಕ್ರಮ ಹತ್ತೂವರೆ ಮೇಲೆ. ಸೋಮಾರಿಗಳು ಅಂತ ಹೇಳಿಬಿಡುವುದು ಸುಲಭ. ಸೂರ್ಯನನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ.

ಗ್ರೀನ್‌ವಿಚ್ ರೇಖೆ ಲಂಡನ್ನಿನದು ಅಂತ ನಾವು ಶಾಲೆಯಲ್ಲಿ ಓದಿದ್ದು. ಅದೇ ಗೆರೆ ದಕ್ಷಿಣಕ್ಕೆ ಇಳಿದು ನಮ್ಮ ಪಕ್ಕದ ಊರು ಕಾಸ್ತೆಯೋನ್ ಮೂಲಕ ಹಾದುಹೋಗುತ್ತದೆ. ಅಂದರೆ ಸ್ಪೇನ್ ಬಹುಪಾಲು ಆ ಗೆರೆಯ ಪಶ್ಚಿಮಕ್ಕಿದೆ. ನ್ಯಾಯವಾಗಿ ಲಂಡನ್ನಿನ ಸಮಯ ಇರಬೇಕಿತ್ತು, 1940ರ ತನಕ ಇದ್ದದ್ದೂ ಅದೇ. ಆ ವರ್ಷದ ಮಾರ್ಚ್ 16ರ ರಾತ್ರಿ 11 ಗಂಟೆಗೆ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿತು. ಬರ್ಲಿನ್ನಿನ ಗಡಿಯಾರಕ್ಕೆ ಸ್ಪೇನ್ ಸೇರಿಕೊಂಡಿತು. ಯುದ್ಧ ಮುಗಿಯಿತು, ಫ್ರಾಂಕೊ 1975ರಲ್ಲಿ ಸತ್ತ, ಗಡಿಯಾರ ಮಾತ್ರ ಹಿಂದಕ್ಕೆ ಬರಲಿಲ್ಲ. ಇದರ ಮೇಲೆ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಇನ್ನೊಂದು ಗಂಟೆ ಸೇರಿಸಿ. ಜುಲೈನಲ್ಲಿ ವಲೆನ್ಸಿಯಾದ ನೆತ್ತಿಗೆ ಸೂರ್ಯ ಬರುವುದು ಹೆಚ್ಚುಕಡಿಮೆ 2 ಗಂಟೆಗೆ.

ಮಂಡ್ಯದಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12:20ಕ್ಕೆ. ನಮ್ಮ ಮನೆಯಲ್ಲಿ ಮುದ್ದೆ ಬಡಿಸುತ್ತಿದ್ದುದು 1 ಗಂಟೆಗೆ, ಅಂದರೆ ನೆತ್ತಿ ದಾಟಿ ಮುಕ್ಕಾಲು ಗಂಟೆ ಒಳಗೆ. ಇಲ್ಲಿ ಎರಡೂವರೆಗೆ ಊಟ ಮಾಡುವವರು ನೆತ್ತಿ ದಾಟಿ ಅರ್ಧ ಗಂಟೆಗೇ ತಟ್ಟೆ ಮುಂದೆ ಕೂತಿರುತ್ತಾರೆ. ಹೊಟ್ಟೆಗಳು ಒಂದೇ ಹೊತ್ತಿಗೆ ಹಸಿಯುತ್ತಿವೆ, ಗೋಡೆ ಮೇಲಿನ ಸಂಖ್ಯೆ ಬೇರೆ ಅಷ್ಟೇ. ಆದರೆ ಇಡೀ ತಪ್ಪನ್ನು ಫ್ರಾಂಕೊ ತಲೆಗೆ ಕಟ್ಟಲೂ ಆಗುವುದಿಲ್ಲ. ಚಳಿಗಾಲದಲ್ಲಿ ಒಂದು ಗಂಟೆಗೇ ನೆತ್ತಿಗೆ ಬಂದ ಸೂರ್ಯನನ್ನು ಕಾಯಿಸಿ ಇವರು ಎರಡೂವರೆಗೇ ಉಣ್ಣುತ್ತಾರೆ. ಒಟ್ಟಿನಲ್ಲಿ ಮಧ್ಯಾಹ್ನ ಅನ್ನುವುದು ಇಲ್ಲಿ ಊಟದ ಮೇಲೆ ನಿಂತಿದೆ. ಊಟ ಆಗಿಲ್ಲದಿದ್ದರೆ ಒಂದೂವರೆಗೂ ‘ಶುಭ ಬೆಳಗು’ ಅಂತಲೇ ಹೇಳುತ್ತಾರೆ.

ಆಗಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ತಿಂಗಳು ಕೋರ್ಟಿನ ಬಹುಪಾಲು ಕಲಾಪಗಳಿಗೆ ಲೆಕ್ಕಕ್ಕೇ ಇಲ್ಲ. ಬೇಕರಿಯ ಬಾಗಿಲಿಗೂ ‘ರಜೆಗೆ ಹೋಗಿದ್ದೇವೆ’ ಅನ್ನುವ ಚೀಟಿ. ಕೊಳಾಯಿ ಕೆಡುವುದಿದ್ದರೆ ಜುಲೈನಲ್ಲೇ ಕೆಡಬೇಕು.

ಈಗ ನಮ್ಮ ಕಟ್ಟಡದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಸ್ಪೇನಿನ ಪ್ರಜಾಪ್ರಭುತ್ವವನ್ನು ಹತ್ತಿರದಿಂದ ನೋಡಬೇಕಾದರೆ ಅಪಾರ್ಟ್‌ಮೆಂಟಿನ ಸಭೆಗೇ ಹೋಗಬೇಕು. ಇಲ್ಲಿಯ ಜನ ಬಹಳಷ್ಟು ಮಂದಿ ಫ್ಲ್ಯಾಟುಗಳಲ್ಲೇ ಇರುವವರು. ಪ್ರತಿ ಕಟ್ಟಡಕ್ಕೂ ಮಾಲೀಕರ ಒಂದು ಸಂಘ, ಸಂಘಕ್ಕೆ ಒಬ್ಬ ಅಧ್ಯಕ್ಷ. 1960ರ ಒಂದು ಕಾಯ್ದೆ ಇದನ್ನೆಲ್ಲ ನಡೆಸುತ್ತದೆ. ಅದರ ಸ್ವಾರಸ್ಯ ಏನು ಅಂದರೆ, ಅಧ್ಯಕ್ಷರನ್ನು ಚುನಾಯಿಸಬಹುದು, ಯಾರೂ ಮುಂದೆ ಬರದಿದ್ದರೆ ಸರದಿಯಲ್ಲೋ ಚೀಟಿ ಎತ್ತಿಯೋ ನೇಮಿಸಬಹುದು. ನೇಮಿಸಿದ ಮೇಲೆ ಒಲ್ಲೆ ಅನ್ನುವ ಹಾಗಿಲ್ಲ. ಅಷ್ಟು ಕಷ್ಟ ಇದ್ದರೆ ಒಂದು ತಿಂಗಳ ಒಳಗೆ ನ್ಯಾಯಾಧೀಶರ ಮುಂದೆ ಹೋಗಿ ಬಿಡಿಸಿಕೊಳ್ಳಬೇಕು. ಅಧ್ಯಕ್ಷಗಿರಿಗಾಗಿ ಕೋರ್ಟಿಗೆ ಹೋಗುವವರನ್ನು ನಾನು ನಮ್ಮ ಊರಲ್ಲಿ ಕಂಡಿದ್ದೆ. ಅದು ಬೇಡ ಅಂತ ಕೋರ್ಟಿಗೆ ಹೋಗುವ ದೇಶ ಇದೊಂದೇ ನಾನು ಕಂಡಿದ್ದು.

ನಾವು ಮನೆ ಕೊಂಡ ಮರುವರ್ಷವೇ ಸರದಿ ನಮ್ಮ ಬಾಗಿಲಿಗೆ ಬಂತು. ಗಂಡ ಅಧ್ಯಕ್ಷರಾದರು. ಸಭೆಯ ನೋಟಿಸಿನಲ್ಲಿ ಎರಡು ಸಮಯ ಇರುತ್ತದೆ: ಮೊದಲ ಕರೆ 7 ಗಂಟೆಗೆ, ಎರಡನೇ ಕರೆ 7:30ಕ್ಕೆ. ಕಾಯ್ದೆಯ ಪ್ರಕಾರ ಮೊದಲ ಕರೆಗೆ ಬಹುಮತದ ಮಾಲೀಕರು ಇರಲೇಬೇಕು. ಸೇರದಿದ್ದರೆ ಕನಿಷ್ಠ ಅರ್ಧ ಗಂಟೆ ಬಿಟ್ಟು ಎರಡನೇ ಕರೆ, ಆಗ ಎಷ್ಟು ಜನ ಇದ್ದರೂ ನಡೆಯುತ್ತದೆ. ನನ್ನ ಗಂಡ ಏಳಕ್ಕೆ ಐದು ನಿಮಿಷ ಇರುವಾಗಲೇ ಇಸ್ತ್ರಿ ಅಂಗಿ ಹಾಕಿಕೊಂಡು ಕೆಳಗೆ ಹೋಗಿ ಒಬ್ಬರೇ ಮೆಟ್ಟಿಲ ಮೇಲೆ ಕೂತಿದ್ದರು. ತಡವಾಗಿ ಬರುವುದಕ್ಕೂ ಕಾನೂನಿನಲ್ಲೇ ಜಾಗ ಮಾಡಿಟ್ಟಿದ್ದಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅವತ್ತಿನ ವಿಷಯ ಲಿಫ್ಟು ರಿಪೇರಿ. ಇಂಥ ದೊಡ್ಡ ಖರ್ಚು ಬಂದಾಗ ಎಲ್ಲರಿಂದ ವಂತಿಗೆ ಎತ್ತುತ್ತಾರೆ, ಅದಕ್ಕೆ ‘ದೆರ್ರಾಮಾ’ ಅಂತಾರೆ. ಆ ಪದ ಕೇಳಿದರೆ ಸಾಕು, ಎಲ್ಲರ ಮುಖ ಇಳಿಯುತ್ತದೆ. ಮೊದಲ ಮಹಡಿಯವರು, ‘ನಾನು ಲಿಫ್ಟ್ ಹತ್ತುವುದೇ ಇಲ್ಲ’ ಅಂದರು. ಆರನೇ ಮಹಡಿಯ ಅಜ್ಜಿ, ‘ನಾನು ಇಳಿಯುವುದೇ ಇಲ್ಲ, ಹಾಗಂತ ಬೀದಿ ದೀಪಕ್ಕೆ ತೆರಿಗೆ ಕಟ್ಟುತ್ತಿಲ್ಲವಾ?’ ಅಂದರು. ಆಮೇಲೆ ಹನ್ನೆರಡು ಜನ ಒಟ್ಟಿಗೇ ಮಾತಾಡಿದರು. ಒಬ್ಬರ ಮಾತು ಮುಗಿಯುವ ತನಕ ಕಾದರೆ ಅವರ ವಿಷಯದಲ್ಲಿ ನಿಮಗೆ ಆಸಕ್ತಿ ಇಲ್ಲ ಅಂತ ಅರ್ಥ. ತರಕಾರಿಗೆ ಅಷ್ಟು ಕಟ್ಟುನಿಟ್ಟಾದ ಸರದಿ ಇಟ್ಟವರು ಮಾತಿಗೆ ಮಾತ್ರ ಸರದಿಯನ್ನೇ ಇಟ್ಟಿಲ್ಲ. ಕಾರ್ಯಸೂಚಿಯ ಕೊನೆಯಲ್ಲಿ ‘ಕೋರಿಕೆ ಮತ್ತು ಪ್ರಶ್ನೆಗಳು’ ಅಂತ ಒಂದು ಸಾಲು ಇರುತ್ತದೆ. ನಿಜವಾದ ಜಗಳ ಶುರುವಾಗುವುದೇ ಅಲ್ಲಿಂದ. ಯಾರ ನಾಯಿ, ಯಾರ ಏಸಿ ನೀರು, ಯಾರು ಬಾಲ್ಕನಿಯಿಂದ ಚಾಪೆ ಕೊಡವಿದ್ದು. ಒಂಬತ್ತೂವರೆಗೆ ಸಭೆ ಮುಗಿಯಿತು, ಯಾಕೆಂದರೆ ಊಟದ ಹೊತ್ತಾಗಿತ್ತು. ಹೊರಡುವಾಗ ಬೈದಾಡಿಕೊಂಡವರೇ ಎರಡೂ ಕೆನ್ನೆಗೆ ಮುತ್ತು ಕೊಟ್ಟುಕೊಂಡರು. ಗಂಡ ಮನೆಗೆ ಬಂದು ಅನ್ನ ಸಾರು ಉಂಡು ಯಾರ ಹತ್ತಿರವೂ ಮಾತಾಡದೆ ಮಲಗಿದರು.

ಚೀಟಿ ಎತ್ತಿ ಕೆಲಸ ಹೊರಿಸುವ ಇದೇ ಲೆಕ್ಕ ದೇಶದ ಮಟ್ಟದಲ್ಲೂ ಇದೆ. ನಮ್ಮಲ್ಲಿ ಚುನಾವಣೆ ಅಂದರೆ ಸರ್ಕಾರಿ ಶಾಲೆಯ ಮೇಷ್ಟ್ರುಗಳ ಪಾಡು. ಇಲ್ಲಿ ಮತಗಟ್ಟೆ ನಡೆಸುವವರು ಸಾಮಾನ್ಯ ಮತದಾರರೇ. ಅವರನ್ನು ಚೀಟಿ ಎತ್ತಿ ಆರಿಸುತ್ತಾರೆ, ಪ್ರತಿ ಮೇಜಿಗೆ ಒಬ್ಬ ಅಧ್ಯಕ್ಷ, ಇಬ್ಬರು ಸದಸ್ಯರು, ಜೊತೆಗೆ ಬದಲಿ ಆಟಗಾರರು. ಓದು ಬರಹ ಬಲ್ಲ, 70 ದಾಟದ ಯಾರಿಗಾದರೂ ಕಾಗದ ಬರಬಹುದು. ತಕರಾರು ಇದ್ದರೆ 7 ದಿನದಲ್ಲಿ ಹೇಳಬೇಕು. ಸುಮ್ನೆ ಹೋಗದೆ ಉಳಿದರೆ ದಂಡ, ಕಾಯ್ದೆಯ ಪ್ರಕಾರ 3 ತಿಂಗಳಿಂದ 1 ವರ್ಷದ ತನಕ ಜೈಲೂ ಆಗಬಹುದು. 2023ರಲ್ಲಿ ಸಂಸತ್ ಚುನಾವಣೆ ಬಂದಿದ್ದು ಜುಲೈ 23ಕ್ಕೆ, ಬೇಸಿಗೆ ರಜೆಯ ನಡುಮಧ್ಯಕ್ಕೆ. ಸಮುದ್ರ ತೀರದಲ್ಲಿ ಮನೆ ಬುಕ್ ಮಾಡಿದ್ದವರೆಲ್ಲ ಅಂಚೆಯವನನ್ನು ಕಂಡರೆ ಬೆಚ್ಚುತ್ತಿದ್ದರು. ಇನ್ನೊಂದು ತಮಾಷೆ ಇದೆ. ಚೀಟಿ ಬಂದವರೂ ಬದಲಿಯವರೂ ಕೈಕೊಟ್ಟರೆ, ಬೆಳಿಗ್ಗೆ ಅಲ್ಲಿ ಸಿಕ್ಕ ಮತದಾರರನ್ನೇ ಹಿಡಿದು ಮೇಜಿಗೆ ಕೂರಿಸುವ ಅಧಿಕಾರ ಚುನಾವಣಾ ಮಂಡಳಿಗಿದೆ. ಹಾಗಾಗಿ ಬುದ್ಧಿವಂತರು 9 ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ವೋಟಿಗೆ ಹೋಗುವುದಿಲ್ಲ. ಮೊದಲಿಗರಾಗಲು ಯಾರಿಗೂ ಇಷ್ಟವಿಲ್ಲದ ಸಾಲು ಅಂದರೆ ಅದೊಂದೇ. ನಾವು ಹೊರದೇಶದವರು, ನಮಗೆ ಈ ಚುನಾವಣೆಯಲ್ಲಿ ವೋಟೂ ಇಲ್ಲ, ಈ ಭಯವೂ ಇಲ್ಲ.

ಭಯದ ಮಾತು ಬಂತಲ್ಲ, ಇಲ್ಲಿಯ ದೊಡ್ಡ ಲಾಟರಿ ನಡೆಯುವುದೇ ಭಯದ ಮೇಲೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಾಗ ನೆಮ್ಮದಿಪಟ್ಟ ಮನೆಯವಳು ನಾನು. ಇಲ್ಲಿ ಡಿಸೆಂಬರ್ 22ರ ಲಾಟರಿ ದೀಪಾವಳಿ ಇದ್ದ ಹಾಗೆ. 1812ರಲ್ಲಿ ಕಾದಿಸ್ ಊರಿನಲ್ಲಿ ಶುರುವಾದ ಸರ್ಕಾರಿ ಲಾಟರಿಯ ಮೊಮ್ಮಗು ಅದು. ಮಾಡ್ರಿಡ್‌ನ ಸಾನ್ ಇಲ್ದೆಫೋನ್ಸೊ ಶಾಲೆಯ ಮಕ್ಕಳು ನಂಬರನ್ನೂ ಬಹುಮಾನವನ್ನೂ ರಾಗವಾಗಿ ಹಾಡುತ್ತಾರೆ. ಬೆಳಿಗ್ಗೆ ಪೂರ್ತಿ ದೇಶವೇ ಅದನ್ನು ಕೇಳುತ್ತದೆ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಹಜಾಮರ ಅಂಗಡಿಯಲ್ಲಿ.

ಲೆಕ್ಕ ಹೀಗೆ. ನಂಬರುಗಳು 1 ಲಕ್ಷ. ಒಂದು ಪೂರ್ತಿ ಟಿಕೆಟ್ಟಿಗೆ 200 ಯೂರೊ, ಅದನ್ನು ಹತ್ತು ಭಾಗ ಮಾಡಿ ‘ದೇಸಿಮೊ’ ಅಂದರೆ ಹತ್ತನೇ ಒಂದು ಭಾಗ ಅಂತ 20 ಯೂರೊಗೆ ಮಾರುತ್ತಾರೆ. ಮೊದಲ ಬಹುಮಾನ ಬಂದರೆ ಒಂದು ದೇಸಿಮೊಗೆ 4 ಲಕ್ಷ ಯೂರೊ, ತೆರಿಗೆ ಹೋಗಿ 3,28,000. ಒಂದೇ ನಂಬರನ್ನು ಎಷ್ಟೋ ಸರಣಿಗಳಲ್ಲಿ ಅಚ್ಚು ಹಾಕುವುದರಿಂದ ಒಂದು ಆಫೀಸು, ಒಂದು ಬಾರು, ಒಂದು ಊರು ಪೂರ್ತಿ ಅದೇ ನಂಬರನ್ನು ಕೊಳ್ಳಬಹುದು. ಇಲ್ಲೇ ಇರುವುದು ಮರ್ಮ. ಗಂಡನ ಆಫೀಸಿನವರೆಲ್ಲ ಒಂದು ನಂಬರು ಕೊಂಡರು ಅನ್ನಿ. ಗೆಲ್ಲುವ ಆಸೆ ಇಲ್ಲದಿದ್ದರೂ ಇವರು ಕೊಳ್ಳಲೇಬೇಕು. ಯಾಕೆಂದರೆ ಮಿಕ್ಕವರಿಗೆಲ್ಲ ಬಂದು, ಜನವರಿಯಲ್ಲಿ ಇವರೊಬ್ಬರೇ ಆಫೀಸಿಗೆ ಹೋಗಿ ದೀಪ ಹಾಕುವುದನ್ನು ಊಹಿಸಿಕೊಳ್ಳಿ! 20 ಯೂರೊ ಕೊಡುವುದು ಆ ಚಿತ್ರ ಕಣ್ಣಿಗೆ ಬೀಳದಿರಲಿ ಅಂತ. ಇದೇ ಭಯಕ್ಕೆ ಮಗಳ ಶಾಲೆಯದೊಂದು, ಕೆಳಗಿನ ಕಾಫಿ ಅಂಗಡಿಯದೊಂದು, ಕಟ್ಟಡದ್ದೊಂದು. ಹೋದ ವರ್ಷ 80 ಯೂರೊ ಭಯಪಟ್ಟೆವು.

ಸುಮ್ನೆ ಹೆದರುವುದಲ್ಲ ಇದು. 2011ರಲ್ಲಿ ವೆಸ್ಕಾ ಜಿಲ್ಲೆಯ ಸೊದೆತೊ ಅನ್ನುವ ಸಣ್ಣ ಹಳ್ಳಿಗೆ ಮೊದಲ ಬಹುಮಾನ ಹೊಡೆಯಿತು. ರೈತರ ಊರು, ಮಹಿಳಾ ಸಂಘದವರು ಮನೆಮನೆಗೆ ಹೋಗಿ ಒಂದೇ ನಂಬರು ಮಾರಿದ್ದರು. ಊರಿಗೆ ಊರೇ ಗೆದ್ದಿತು, ಒಬ್ಬನನ್ನು ಬಿಟ್ಟು. ಆತ ಊರಾಚೆ ಇದ್ದ, ಅವನ ಮನೆಯ ತನಕ ಮಾರುವವರು ಹೋಗಿರಲಿಲ್ಲ. ಎಲ್ಲಿಯವನು ಅಂದುಕೊಂಡಿರಿ? ಗ್ರೀಸ್ ದೇಶದವನು, ನಮ್ಮ ಹಾಗೇ ಹೊರಗಿನಿಂದ ಬಂದವನು. ಈ ಕಥೆ ಕೇಳಿದ ಮೇಲೆ ನಾನು ಬಾಗಿಲು ತಟ್ಟಿದವರಿಗೆ ಯಾವತ್ತೂ ಬೇಡ ಅಂದಿಲ್ಲ.

2025ರ ಏಪ್ರಿಲ್ 28ಕ್ಕೆ ಮಧ್ಯಾಹ್ನ 12:33ಕ್ಕೆ ಸ್ಪೇನ್, ಪೋರ್ಚುಗಲ್ ಎರಡಕ್ಕೂ ಕರೆಂಟು ಹೋಯಿತು. ಜನ ಕಂಗಾಲು. ನನಗೆ ಮಾತ್ರ ತವರಿಗೆ ಬಂದ ಹಾಗಾಯಿತು. ಮೇಣದಬತ್ತಿ ಎಲ್ಲಿದೆ ಅಂತ ಗೊತ್ತಿದ್ದ ಮನೆ ನಮ್ಮ ಕಟ್ಟಡದಲ್ಲಿ ನಮ್ಮದೊಂದೇ ಇರಬೇಕು. ಬ್ರೆಡ್ ತರಲು ಕೆಳಗೆ ಹೋದೆ. ಆ ಬೇಕರಿಯವರು ಸರದಿಗೆ ನಂಬರು ಕೊಡುವ ಮಿಷಿನ್ ಹಾಕಿಸಿದ್ದರು. ಅದರ ಪರದೆ ಕಪ್ಪಾಗಿತ್ತು. ಒಳಗೆ ಅರೆಗತ್ತಲು, ಹತ್ತು ಹದಿನೈದು ಜನ, ಯಾರ ಕೈಯಲ್ಲೂ ನಂಬರಿಲ್ಲ. ಬಾಗಿಲಲ್ಲಿ ನಿಂತು ಕೇಳಿದೆ, ‘ಕಿಯೆನ್ ಎಸ್ ಎಲ್ ಉಲ್ತಿಮೊ?’ ಮೂಲೆಯಲ್ಲಿ ಒಂದು ಬೆರಳು ಎದ್ದಿತು. ಸರ್ವರ್ ಡೌನ್ ಆಗದ ಏರ್ಪಾಟು ಅದು.

ನಗಲಾಗದ ದಿನವೂ ಒಂದಿದೆ. 2024ರ ಅಕ್ಟೋಬರ್ 29ರಂದು ವಲೆನ್ಸಿಯಾದ ದಕ್ಷಿಣದ ಊರುಗಳಿಗೆ ಪ್ರವಾಹ ನುಗ್ಗಿತು. ನಗರದೊಳಗೆ ನಮ್ಮ ಬೀದಿ ಒದ್ದೆಯೂ ಆಗಲಿಲ್ಲ. 1957ರ ಪ್ರವಾಹದ ನಂತರ ತುರಿಯಾ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿದ್ದರು, ಹಳೆಯ ಪಾತ್ರ ಈಗ ಉದ್ಯಾನ. ಹೊಸ ಪಾತ್ರದ ಆಚೆಗೆ ಇದ್ದವರು ಮುಳುಗಿದರು. ಮೊಬೈಲಿಗೆ ಎಚ್ಚರಿಕೆ ಬಂದಾಗ ರಾತ್ರಿ 8 ದಾಟಿತ್ತು, ಆ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ನೀರು ನಿಂತಿತ್ತು. 220ಕ್ಕೂ ಹೆಚ್ಚು ಜನ ಸತ್ತರು. ನವೆಂಬರ್ 1ರ ಬೆಳಿಗ್ಗೆ ನಗರದ ಸಾವಿರಾರು ಜನ ಪೊರಕೆ, ಸಲಿಕೆ, ನೀರಿನ ಬಾಟಲಿ ಹಿಡಿದು ಕಾಲುಸೇತುವೆ ದಾಟಿ ನಡೆದುಕೊಂಡೇ ಹೋದರು. ಯಾರೂ ಕರೆದಿರಲಿಲ್ಲ. ನಾವೂ ಹೋದೆವು. ಯಾರ ಮನೆಯ ಕೆಸರು ಮೊದಲು ತೆಗೆಯಬೇಕು ಅಂತ ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ, ಎದುರಿಗೆ ಸಿಕ್ಕ ಬಾಗಿಲಿಗೆ ನುಗ್ಗುವುದಷ್ಟೇ.

ಅದೇ ತುರಿಯಾ ನದಿಯ ನೀರಿಗೆ ಇಲ್ಲಿ ಒಂದು ನ್ಯಾಯಾಲಯ ಇದೆ. ಪ್ರತಿ ಗುರುವಾರ 12 ಗಂಟೆಗೆ ಕೆಥೆಡ್ರಲ್‌ನ ‘ಅಪೊಸ್ತಲರ ಬಾಗಿಲ’ ಮುಂದೆ ಬೀದಿಯಲ್ಲೇ ಕೂರುತ್ತದೆ. ಅತ್ತೆ ನಮ್ಮನ್ನು ನೋಡಲು ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಅವರ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ, ಮಳವಳ್ಳಿ ಕಡೆ. ಚರ್ಚು, ಮ್ಯೂಸಿಯಂ ಯಾವುದಕ್ಕೂ ಬರಲೊಲ್ಲದವರು ನೀರಿನ ಪಂಚಾಯ್ತಿ ಅಂದ ಕೂಡಲೇ ಸೀರೆ ಉಟ್ಟು ತಯಾರಾದರು.

ಎಂಟು ಕಾಲುವೆ, ಎಂಟು ಜನ ಪಂಚರು. ಆಯಾ ಕಾಲುವೆಯ ರೈತರೇ ಆರಿಸಿ ಕಳಿಸಿದವರು. ಕಪ್ಪು ನಿಲುವಂಗಿ ಹಾಕಿಕೊಂಡು ಅರ್ಧವೃತ್ತದಲ್ಲಿ ಕೂರುತ್ತಾರೆ. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಲ್ಲೇ, ಅದೂ ವಲೆನ್ಸಿಯನ್ ಭಾಷೆಯಲ್ಲಿ. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಸರದಿ ತಪ್ಪಿಸಿ ನೀರು ಹರಿಸಿಕೊಂಡವರು, ಕಾಲುವೆ ಕೆಡಿಸಿದವರು ಇಲ್ಲಿಗೆ ಬರಬೇಕು. ಅರಬ್ಬರ ಕಾಲದಿಂದ, ಅಂದರೆ ಸಾವಿರ ವರ್ಷದಿಂದ ನಡೆಯುತ್ತಿದೆ ಅಂತ ಊರಿನವರ ಹೆಮ್ಮೆ. ಕಾಲುವೆಗೆ ಇರುವ ‘ಅಸೆಕಿಯಾ’ ಅನ್ನುವ ಪದವಂತೂ ಅರಬಿಯದೇ. 2009ರಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅತ್ತೆಗೆ ಇದನ್ನೆಲ್ಲ ಪಿಸುಗುಟ್ಟುತ್ತಾ ಹೇಳಿದೆ. ‘ಸರಿ, ನಮ್ ನೀರುಗಂಟಿಗಳು ಕುರ್ಚಿ ಮ್ಯಾಲೆ ಕೂತವ್ರೆ ಅನ್ನು’ ಅಂದರು.

ಗಂಟೆ ಹನ್ನೆರಡು ಹೊಡೆಯಿತು. ಸೇವಕ ಎದ್ದು ಒಂದೊಂದೇ ಕಾಲುವೆಯ ಹೆಸರು ಹಿಡಿದು ಕೂಗಿದ. ಕ್ವಾರ್ತ್ ಕಾಲುವೆಯ ಆರೋಪಿಗಳು ಯಾರಾದರೂ ಇದ್ದಾರಾ? ಯಾರೂ ಇಲ್ಲ. ಮಿಸ್ಲಾತಾ? ಇಲ್ಲ. ಫವಾರಾ? ಇಲ್ಲ. ಎಂಟೂ ಹೆಸರು ಮುಗಿದವು. ಪಂಚರು ಎದ್ದರು. ಐದು ನಿಮಿಷವೂ ಆಗಿರಲಿಲ್ಲ.

‘ಇಷ್ಟೇಯಾ?’ ಅಂದರು ಅತ್ತೆ.

‘ಇಷ್ಟೇ ಅತ್ತೆ. ತಕರಾರಿಲ್ಲ ಅಂದರೆ ಈ ವಾರ ಎಲ್ಲರಿಗೂ ಸರದಿ ಪ್ರಕಾರ ನೀರು ಸಿಕ್ಕಿದೆ ಅಂತ.’

ಅವರು ಸೆರಗು ಸರಿಮಾಡಿಕೊಂಡು ಖಾಲಿ ಕುರ್ಚಿಗಳನ್ನು ಒಂದು ಗಳಿಗೆ ನೋಡಿದರು. ‘ಅದ್ ಸರಿ ಕಣವ್ವ. ಕೊನೇ ಗದ್ದೆಯವ್ರು ಯಾರು ಇಲ್ಲಿ? ಅವ್ರ್ನ ಕೇಳುದ್ರೆ ತಾನೇ ಗೊತ್ತಾಗೋದು.’

ನಾನು ಸುತ್ತ ನೋಡಿದೆ. ಪ್ರವಾಸಿಗಳು ಫೋಟೊ ತೆಗೆದುಕೊಂಡು ಚದುರುತ್ತಿದ್ದರು.